ಮೈದಾನದ ಗೆಲುವು, ಖಾತೆಯ ಸೋಲು: ಕ್ರೀಡಾ ಸಂಸ್ಥೆಗಳ ಆಯವ್ಯಯದ ಒಂದು ಅಧ್ಯಯನ

2009ರ ಮೇ 24ರಂದು ದಕ್ಷಿಣ ಆಫ್ರಿಕದ ಜೋಹಾನ್ಸ್‌ಬರ್ಗ್ ನಗರದಲ್ಲಿ ಇಂಡಿಯನ್ ಪ್ರೀಮಿಯರ್ ಲೀಗಿನ ಎರಡನೆಯ ಆವೃತ್ತಿಯ ಅಂತಿಮ ಪಂದ್ಯ ನಡೆಯಿತು. ಹಿಂದಿನ ವರ್ಷ ಕೊನೆಯ ಎರಡು ಸ್ಥಾನಗಳಲ್ಲಿದ್ದ ತಂಡಗಳೇ ಅಂದು ಎದುರಾಗಿದ್ದವು. ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡದ ನಾಯಕ ಅನಿಲ್ ಕುಂಬ್ಳೆಯವರು ಕೇವಲ 16 ರನ್ ನೀಡಿ 4 ವಿಕೆಟ್ ಪಡೆದರೂ ಅವರ ತಂಡ 6 ರನ್ನುಗಳಿಂದ ಸೋತಿತು. ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಪ್ರಶಸ್ತಿಯನ್ನು ಎತ್ತಿಕೊಂಡಿತು.

ಮೂರು ವರ್ಷ ಕಳೆದು 2012ರ ಸೆಪ್ಟೆಂಬರ್ ಬರುವ ವೇಳೆಗೆ, ಗೆದ್ದ ಸಂಸ್ಥೆಯೇ ಇಲ್ಲವಾಯಿತು. ಅದರ ಒಡೆತನ ಹೊಂದಿದ್ದ ಪತ್ರಿಕಾ ಪ್ರಕಟಣ ಕಂಪನಿಯು ಸಾಲದ ಹೊರೆಯಲ್ಲಿ ಕುಸಿದಿತ್ತು. ಆಟಗಾರರಿಗೆ ಹಣ ಸಂದಾಯವಾಗದಿರುವುದೂ ಸೇರಿದಂತೆ ಕರಾರು ಉಲ್ಲಂಘನೆಯ ಕಾರಣ ನೀಡಿ ಕ್ರಿಕೆಟ್ ಮಂಡಳಿಯು ಒಪ್ಪಂದವನ್ನು ರದ್ದುಪಡಿಸಿತು. ಬಾಂಬೆ ಉಚ್ಚ ನ್ಯಾಯಾಲಯವು 100 ಕೋಟಿ ರೂಪಾಯಿಗಳ ಬ್ಯಾಂಕ್ ಖಾತರಿ ಒದಗಿಸಲು ಅವಕಾಶ ಕೊಟ್ಟರೂ ಅದು ಒದಗಲಿಲ್ಲ. ಹೈದರಾಬಾದಿನ ಹಕ್ಕು ಬೇರೊಂದು ಕಂಪನಿಗೆ ವರ್ಷಕ್ಕೆ 85 ಕೋಟಿ ಚಿಲ್ಲರೆ ರೂಪಾಯಿಗಳಿಗೆ ಹೋಯಿತು. ರದ್ದತಿಯ ಕ್ರಮವನ್ನು ಕುರಿತ ವ್ಯಾಜ್ಯ ಮುಂದುವರಿದು, 2020ರಲ್ಲಿ ಮಧ್ಯಸ್ಥಗಾರರು ಹಳೆಯ ಒಡೆಯರ ಪರವಾಗಿ 4,800 ಕೋಟಿಗೂ ಮಿಗಿಲಾದ ಮೊಬಲಗಿನ ತೀರ್ಪು ನೀಡಿದರು. 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ನ್ಯಾಯ ಯಾರ ಕಡೆ ಇದ್ದರೂ, ತಂಡವಂತೂ ಮರಳಿ ಬರಲಿಲ್ಲ.

ಸೋತ ಸಂಸ್ಥೆಯಾದರೋ ಉಳಿಯಿತು. ಮೊದಲ ಪ್ರಶಸ್ತಿಗಾಗಿ 2025ರವರೆಗೆ ಕಾಯಬೇಕಾಗಿ ಬಂದರೂ ಅದರ ಬಾಗಿಲು ಒಂದು ದಿನವೂ ಮುಚ್ಚಲಿಲ್ಲ. ಅದೇ ಒಡೆಯರ ವಿಮಾನ ಸಂಸ್ಥೆ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿದಾಗಲೂ ತಂಡಕ್ಕೆ ಧಕ್ಕೆಯಾಗಲಿಲ್ಲ. ತಂಡವಿದ್ದದ್ದು ವಿಮಾನ ಸಂಸ್ಥೆಯ ಖಾತೆಯಲ್ಲಲ್ಲ, ಮದ್ಯ ತಯಾರಿಕಾ ಕಂಪನಿಯೊಂದರ ಅಂಗಸಂಸ್ಥೆಯಲ್ಲಿ.

ಕ್ರೀಡಾ ಸಂಸ್ಥೆಯ ಯಶಸ್ಸನ್ನು ಸಾಮಾನ್ಯವಾಗಿ ಕಪ್ಪುಗಳ ಎಣಿಕೆಯಿಂದ ಅಳೆಯುವುದು ವಾಡಿಕೆ. ಲೆಕ್ಕಪತ್ರ ಬಲ್ಲವರು ಹಾಗೆ ಅಳೆಯಲಾರರು. ಗೆಲುವು ಆಯಾ ವರ್ಷದ ವಿಷಯ. ಸಂಸ್ಥೆ ಹತ್ತಾರು ವರ್ಷ ಬಾಳುವುದೋ ಇಲ್ಲವೋ ಎಂಬುದು ನಿರ್ಧಾರವಾಗುವುದು ಬೇರೊಂದು ಪ್ರಶ್ನೆಯ ಮೇಲೆ: ಖಚಿತವಲ್ಲದ ಆದಾಯವನ್ನು ನಂಬಿ ಎಷ್ಟು ಖಚಿತವಾದ ಖರ್ಚನ್ನು ಮೈಮೇಲೆ ಹಾಕಿಕೊಳ್ಳಲಾಗಿದೆ?

ಈ ವ್ಯಾಪಾರದ ಸ್ವಭಾವ

ಕ್ರೀಡಾ ಸಂಸ್ಥೆಯ ಖರ್ಚಿನ ಸಿಂಹಪಾಲು ಆಟಗಾರರ ಸಂಬಳ. ಅದು ನಾಲ್ಕೈದು ವರ್ಷಗಳ ಕರಾರಿನಿಂದ ಬಿಗಿದ ಸ್ಥಿರ ವೆಚ್ಚ. ತಂಡ ಸೋತಿತೆಂದು ಮರುತಿಂಗಳು ಕಡಿಮೆ ಮಾಡುವಂತಿಲ್ಲ. ಆದಾಯವು ಮೂರು ದಾರಿಗಳಿಂದ ಬರುತ್ತದೆ: ಪ್ರೇಕ್ಷಕರ ಟಿಕೆಟ್ಟು, ದೂರದರ್ಶನ ಪ್ರಸಾರದ ಹಕ್ಕು, ಪ್ರಾಯೋಜಕರ ಜಾಹೀರಾತು. ಇವುಗಳಲ್ಲಿ ಮೊದಲನೆಯದು ನಿಷ್ಠಾವಂತ ಗಿರಾಕಿಗಳಿಂದ ಬರುವಂಥದಾದ್ದರಿಂದ ಅತಿ ನಂಬಿಕೆಯದು. ಉಳಿದೆರಡು ಬಹುಮಟ್ಟಿಗೆ ತಂಡದ ಸ್ಥಾನವನ್ನು ಅನುಸರಿಸಿ ಏರಿಳಿಯುತ್ತವೆ.

ಐಪಿಎಲ್‌ನಲ್ಲಿ ಈ ಏರಿಳಿತಕ್ಕೆ ಒಂದು ತಡೆಯಿದೆ. ಪ್ರಸಾರ ಹಕ್ಕಿನಲ್ಲಿ ತಂಡಗಳಿಗೆ ಸಲ್ಲುವ ಪಾಲಿನ ಹೆಚ್ಚಿನ ಭಾಗ ಸಮನಾಗಿ ಹಂಚಿಕೆಯಾಗುತ್ತದೆ. ಕೊನೆಯ ಸ್ಥಾನ ಪಡೆದವರನ್ನು ಕೆಳಗಿನ ದರ್ಜೆಗೆ ನೂಕುವ ಪದ್ಧತಿಯೂ ಇಲ್ಲ. ಆದುದರಿಂದಲೇ ಬೆಂಗಳೂರಿನ ತಂಡ ಹದಿನೇಳು ಆವೃತ್ತಿಗಳಲ್ಲಿ ಕಪ್ಪಿಲ್ಲದೆಯೂ ಬಾಳಬಲ್ಲದಾಯಿತು. ಯೂರೋಪಿನ ಫುಟ್‌ಬಾಲಿನಲ್ಲಿ ಇಂತಹ ಆಸರೆ ಕಡಿಮೆ. ಅಲ್ಲಿ ಮೇಲಿನ ಮೂರು ನಾಲ್ಕು ತಂಡಗಳು ಮಾತ್ರ ಚಾಂಪಿಯನ್ಸ್ ಲೀಗ್ ಎಂಬ ಖಂಡಮಟ್ಟದ ಸ್ಪರ್ಧೆಗೆ ಅರ್ಹತೆ ಪಡೆದು ಭಾರಿ ಆದಾಯ ಗಳಿಸುತ್ತವೆ. ಕೊನೆಯ ತಂಡಗಳು ಕೆಳದರ್ಜೆಗೆ ಬಿದ್ದು ಆದಾಯದ ಬಹುಭಾಗವನ್ನು ಕಳೆದುಕೊಳ್ಳುತ್ತವೆ. ಮೇಲಿನ ನಾಲ್ಕು ಕುರ್ಚಿಗಳಿಗಾಗಿ ಏಳೆಂಟು ಸಂಸ್ಥೆಗಳು ಖರ್ಚು ಮಾಡಿದರೆ ಪ್ರತಿವರ್ಷವೂ ಮೂರು ನಾಲ್ಕು ಸಂಸ್ಥೆಗಳಿಗೆ ಕುರ್ಚಿ ಸಿಗದಿರುವುದು ಗಣಿತದ ಮಾತು, ದುರದೃಷ್ಟದ್ದಲ್ಲ. ಗಟ್ಟಿ ಸಂಸ್ಥೆಗೂ ಟೊಳ್ಳು ಸಂಸ್ಥೆಗೂ ಇರುವ ಅಂತರ ಇಲ್ಲಿ ಎದ್ದು ಕಾಣುತ್ತದೆ.

ಲೀಡ್ಸ್: ಅತಿ ಖಚಿತವಾದುದನ್ನು ಒತ್ತೆಯಿಟ್ಟು

ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಲೀಡ್ಸ್, ಉಣ್ಣೆ ಬಟ್ಟೆ ಹಾಗೂ ಸಿದ್ಧ ಉಡುಪಿನ ವ್ಯಾಪಾರಕ್ಕೆ ಹೆಸರಾದ ಊರು. ಅಲ್ಲಿನ ಲೀಡ್ಸ್ ಯುನೈಟೆಡ್ ತಂಡದ ಅಧ್ಯಕ್ಷಸ್ಥಾನವನ್ನು 1997ರಿಂದ ಪೀಟರ್ ರಿಡ್ಸ್‌ಡೇಲ್ ವಹಿಸಿದ್ದರು. 2000ದ ನವೆಂಬರಿನಲ್ಲಿ ರಿಯೋ ಫರ್ಡಿನೆಂಡ್ ಎಂಬ ರಕ್ಷಣಾ ಆಟಗಾರನನ್ನು 1.8 ಕೋಟಿ ಪೌಂಡ್ ತೆತ್ತು ತಂದರು. ರಕ್ಷಣಾ ಆಟಗಾರನೊಬ್ಬನಿಗೆ ಅಷ್ಟು ಬೆಲೆಯನ್ನು ಜಗತ್ತಿನಲ್ಲಿ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ಆ ಋತುವಿನಲ್ಲಿ ತಂಡ ಚಾಂಪಿಯನ್ಸ್ ಲೀಗಿನ ಉಪಾಂತ್ಯ ಪಂದ್ಯದವರೆಗೆ ಹೋಯಿತು. ಊರಿಗೆ ಊರೇ ಹಿಗ್ಗಿತು.

ಆದರೆ ದೇಶದೊಳಗಿನ ಲೀಗಿನಲ್ಲಿ ತಂಡಕ್ಕೆ ದೊರೆತದ್ದು ನಾಲ್ಕನೆಯ ಸ್ಥಾನ. ಆ ವರ್ಷ ಅರ್ಹತೆ ಇದ್ದದ್ದು ಮೂರು ತಂಡಗಳಿಗೆ ಮಾತ್ರ. ಲಿವರ್‌ಪೂಲ್ 69 ಅಂಕ, ಲೀಡ್ಸ್ 68. ಒಂದೇ ಒಂದು ಅಂಕದಿಂದ ಮುಂದಿನ ವರ್ಷದ ಅತಿದೊಡ್ಡ ಆದಾಯ ಕೈತಪ್ಪಿತು.

ವಿವೇಕಿಯಾದ ವ್ಯಾಪಾರಸ್ಥ ಇಲ್ಲಿ ಕೈ ಬಿಗಿಹಿಡಿಯುತ್ತಿದ್ದ. ಲೀಡ್ಸ್ ಆಡಳಿತ ಮಾಡಿದ್ದು ಅದಕ್ಕೆ ತದ್ವಿರುದ್ಧ. 2001ರ ಸೆಪ್ಟೆಂಬರಿನಲ್ಲಿ, ಅಂದರೆ ಅರ್ಹತೆ ತಪ್ಪಿದ ನಂತರ, 6 ಕೋಟಿ ಪೌಂಡುಗಳ ಸಾಲವನ್ನು 25 ವರ್ಷಗಳ ಅವಧಿಗೆ ಪಡೆಯಿತು. ಆ ಸಾಲಕ್ಕೆ ಭದ್ರತೆಯಾಗಿ ಕೊಟ್ಟದ್ದು ಮುಂದಿನ ವರ್ಷಗಳ ಟಿಕೆಟ್ ಮಾರಾಟದ ಹಣವನ್ನು. ಮೇಲೆ ಹೇಳಿದ ಮೂರು ಆದಾಯಗಳಲ್ಲಿ ಅತಿ ಖಚಿತವಾದುದನ್ನು ಒತ್ತೆಯಿಟ್ಟು, ಅತಿ ಅನಿಶ್ಚಿತವಾದುದನ್ನು ಬೆನ್ನಟ್ಟಿದಂತಾಯಿತು. ಇದರ ಜೊತೆಗೆ ಕೆಲವು ಆಟಗಾರರನ್ನು, ಕಾರ್ಖಾನೆಯವರು ಯಂತ್ರವನ್ನು ಲೀಸಿಗೆ ತರುವಂತೆ, ಹಣಕಾಸು ಸಂಸ್ಥೆಯೊಂದರ ಮೂಲಕ ಕಂತಿನ ಮೇಲೆ ತರಲಾಗಿತ್ತು. ಯಂತ್ರಕ್ಕಾದರೆ ಕಾಲು ಮುರಿಯುವುದಿಲ್ಲ!

2002ರ ಹೊಸ ವರ್ಷದ ದಿನ ಲೀಡ್ಸ್ ಅಂಕಪಟ್ಟಿಯ ನೆತ್ತಿಯಲ್ಲಿತ್ತು. ಋತು ಮುಗಿಯುವಾಗ ಐದನೆಯ ಸ್ಥಾನ. ಅರ್ಹತೆ ಮತ್ತೆ ತಪ್ಪಿತು. ಅಲ್ಲಿಂದಾಚೆಗೆ ನಡೆದದ್ದು ದಾಸ್ತಾನಿನ ಹರಾಜು. ಜುಲೈ ತಿಂಗಳಲ್ಲಿ ಫರ್ಡಿನೆಂಡನನ್ನು ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಸುಮಾರು 3 ಕೋಟಿ ಪೌಂಡಿಗೆ ಮಾರಲಾಯಿತು. ಆ ಒಂದು ಮಾರಾಟದಲ್ಲಿ ಲಾಭವೇ ಬಂತು. ಆದರೆ ಮಾರುವವನಿಗೆ ಆತುರವಿದೆ ಎಂಬ ಸುದ್ದಿ ಪೇಟೆಗೆ ತಲುಪಿದ ಬಳಿಕ ಬೆಲೆಗಳು ಇಳಿದವು. 2001ರಲ್ಲಿ 1.1 ಕೋಟಿಗೂ ಹೆಚ್ಚು ಪೌಂಡ್ ಕೊಟ್ಟು ತಂದಿದ್ದ ರಾಬಿ ಫೌಲರ್‌ನನ್ನು 2003ರ ಜನವರಿಯಲ್ಲಿ ಬಿಟ್ಟುಕೊಟ್ಟಾಗ ಕೂಡಲೇ ಕೈಗೆ ಬಂದದ್ದು ಖರೀದಿ ಬೆಲೆಯ ಅರ್ಧಕ್ಕಿಂತಲೂ ಕಡಿಮೆ. ಮೇಲಾಗಿ ಅವನ ಸಂಬಳದ ಒಂದು ಪಾಲನ್ನು, ಅವನು ಎದುರಾಳಿ ತಂಡದಲ್ಲಿ ಆಡುತ್ತಿದ್ದಾಗಲೂ, ಲೀಡ್ಸ್ ಸಂಸ್ಥೆಯೇ ಭರಿಸಬೇಕಾಯಿತು. 2003ರ ಜೂನ್‌ಗೆ ಕೊನೆಗೊಂಡ ವರ್ಷದ ನಷ್ಟ 4.95 ಕೋಟಿ ಪೌಂಡ್. 2004ರಲ್ಲಿ ತಂಡ ಕೆಳದರ್ಜೆಗೆ ಬಿತ್ತು. ಅದೇ ವರ್ಷ ತರಬೇತಿ ಮೈದಾನವನ್ನೂ ಎಲಂಡ್ ರೋಡ್ ಕ್ರೀಡಾಂಗಣವನ್ನೂ ಮಾರಿ, ಅದೇ ಜಾಗದಲ್ಲಿ ಬಾಡಿಗೆದಾರನಾಗಿ ಮುಂದುವರಿಯಬೇಕಾಯಿತು. 2007ರಲ್ಲಿ ಸಂಸ್ಥೆ ದಿವಾಳಿ ಕಾನೂನಿನ ಆಡಳಿತಾಧಿಕಾರಿಯ ಕೈಸೇರಿತು. ತಂಡ ಮೂರನೆಯ ದರ್ಜೆಗೆ ಜಾರಿತು. ಮೇಲಿನ ದರ್ಜೆಗೆ ಮರಳಲು 2020ರವರೆಗೆ, ಹದಿನಾರು ವರ್ಷ ಹಿಡಿಯಿತು.

ಈ ಪ್ರಕರಣದಲ್ಲಿ ಇಂಗ್ಲೆಂಡಿನ ಜನ ಇಂದಿಗೂ ನೆನೆಯುವುದು ಒಂದು ಮೀನಿನ ತೊಟ್ಟಿಯನ್ನು. ಹೊಸ ಆಡಳಿತ ಬಂದು ಖರ್ಚು ತಪಾಸಣೆ ನಡೆಸಿದಾಗ, ಅಧ್ಯಕ್ಷರ ಕೊಠಡಿಯಲ್ಲಿದ್ದ ಚಿನ್ನದ ಬಣ್ಣದ ಮೀನುಗಳಿಗೆ ವರ್ಷಕ್ಕೆ ಕೆಲವು ನೂರು ಪೌಂಡ್ ಬಾಡಿಗೆ ಸಂದಾಯವಾಗುತ್ತಿದ್ದುದು ಕಂಡುಬಂತು. ಪತ್ರಿಕೆಗಳಿಗೆ ಅದು ಹಬ್ಬದೂಟವಾಯಿತು. ಆದರೆ ಸಂಸ್ಥೆಯನ್ನು ಮುಳುಗಿಸಿದ್ದು ಮೀನಲ್ಲ, ಆಡಳಿತ ಮಂಡಳಿಯ ಸಭೆಯಲ್ಲಿ ಎಲ್ಲರೂ ಸಹಿ ಹಾಕಿದ 6 ಕೋಟಿಯ ಸಾಲಪತ್ರ. ನಮ್ಮ ಕಡೆಯ ಕಾರ್ಖಾನೆಗಳಲ್ಲಿಯೂ ಬಿಕ್ಕಟ್ಟು ಬಂದಾಗ ಮೊದಲು ಕತ್ತರಿ ಬೀಳುವುದು ಕಾಫಿ, ಲೇಖನ ಸಾಮಗ್ರಿಗಳ ಖರ್ಚಿನ ಮೇಲೆ. ತಿಂಗಳು ತಿಂಗಳು ಕಟ್ಟುವ ಕಂತಿನ ಪುಟವನ್ನು ತೆರೆಯಲು ಯಾರಿಗೂ ಮನಸ್ಸಾಗುವುದಿಲ್ಲ.

ಲೆಕ್ಕದಲ್ಲಿ ಅಡಗಿದ ಮರುಳು

ಇಷ್ಟೊಂದು ಅಪಾಯ ಮೊದಲೇ ಏಕೆ ಕಾಣಲಿಲ್ಲ ಎಂಬ ಪ್ರಶ್ನೆ ಸಹಜ. ಆಟಗಾರನ ಖರೀದಿ ಬೆಲೆಯನ್ನು ಆ ವರ್ಷದ ಖರ್ಚೆಂದು ತೋರಿಸುವುದಿಲ್ಲ. ಅದನ್ನು ಅಢಾವೆ ಪತ್ರಿಕೆಯಲ್ಲಿ ಅಮೂರ್ತ ಆಸ್ತಿಯಾಗಿ ತೋರಿಸಿ, ಕರಾರಿನ ಅವಧಿಯುದ್ದಕ್ಕೂ ಸವಕಳಿಯಂತೆ ವಜಾ ಮಾಡಲಾಗುತ್ತದೆ. ಐದು ವರ್ಷದ ಕರಾರಿನ ಮೇಲೆ 10 ಕೋಟಿಗೆ ಕೊಂಡರೆ ವರ್ಷಕ್ಕೆ 2 ಕೋಟಿ ಮಾತ್ರ ಲಾಭ-ನಷ್ಟದ ಖಾತೆಗೆ ಬರುತ್ತದೆ. ಆದರೆ ಮಾರಿದಾಗ ಬರುವ ಲಾಭವನ್ನು ಅದೇ ವರ್ಷ ಪೂರ್ತಿಯಾಗಿ ತೋರಿಸಬಹುದು. ಎರಡು ವರ್ಷದ ನಂತರ ಅದೇ ಆಟಗಾರನನ್ನು 9 ಕೋಟಿಗೆ ಮಾರಿದರೆ ಪುಸ್ತಕದ ಬೆಲೆ 6 ಕೋಟಿಗೆ ಇಳಿದಿರುವುದರಿಂದ 3 ಕೋಟಿ ಲಾಭ! ಕೈಯಿಂದ ಒಂದು ಕೋಟಿ ಹೋಗಿದೆ ಎಂಬುದು ನಗದು ಖಾತೆಗೆ ಮಾತ್ರ ಗೊತ್ತು.

ಸ್ವಂತ ಶಾಲೆಯಲ್ಲಿ ತಯಾರಾದ ಆಟಗಾರನ ಪುಸ್ತಕದ ಬೆಲೆಯಂತೂ ಸೊನ್ನೆ. ಅವನನ್ನು ಮಾರಿದರೆ ಬಂದದ್ದೆಲ್ಲ ಲಾಭ. ಹಾಗಾಗಿ ಸಂಕಟದಲ್ಲಿರುವ ಸಂಸ್ಥೆಗಳು ಮೊದಲು ಮಾರುವುದು ತಾವೇ ಬೆಳೆಸಿದವರನ್ನು. ಲೀಡ್ಸ್‌ನಲ್ಲಿಯೇ ಬೆಳೆದ ಜೊನಾಥನ್ ವುಡ್‌ಗೇಟ್ 2003ರ ಜನವರಿಯಲ್ಲಿ ಸುಮಾರು 90 ಲಕ್ಷ ಪೌಂಡಿಗೆ ನ್ಯೂಕಾಸಲ್ ಪಾಲಾದದ್ದು ಹೀಗೆ. ಬಿತ್ತನೆಯ ಕಾಳನ್ನು ಮಾರಿ ಆ ವರ್ಷದ ಸುಗ್ಗಿ ಚೆನ್ನಾಗಿತ್ತೆಂದು ಬರೆದುಕೊಂಡ ಹಾಗೆ. ಲೆಕ್ಕಪತ್ರದ ನಿಯಮದಲ್ಲಿ ತಪ್ಪಿಲ್ಲ. ಲಾಭದ ಸಾಲನ್ನು ಓದಿ ನಗದಿನ ಸಾಲನ್ನು ಓದದಿರುವುದು ತಪ್ಪು.

ಡಾರ್ಟ್‌ಮಂಡ್: ಅದೇ ತಪ್ಪು, ಬೇರೆ ಅಂತ್ಯ

ಜರ್ಮನಿಯ ಡಾರ್ಟ್‌ಮಂಡ್ ಕಲ್ಲಿದ್ದಲು, ಉಕ್ಕು ಮತ್ತು ಬಿಯರ್‌ಗೆ ಹೆಸರಾಗಿದ್ದ ಕಾರ್ಮಿಕರ ನಗರ. ಅಲ್ಲಿನ ಬೊರುಸಿಯಾ ತಂಡ 1997ರಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. 2000ದ ಅಕ್ಟೋಬರಿನಲ್ಲಿ ಪ್ರತಿ ಷೇರಿಗೆ 11 ಯೂರೋ ಬೆಲೆಯಿಟ್ಟು, ಷೇರು ಪೇಟೆಗೆ ಬಂದ ಜರ್ಮನಿಯ ಮೊದಲ ಫುಟ್‌ಬಾಲ್ ಸಂಸ್ಥೆಯಾಯಿತು. ಬಂದ ಹಣದಲ್ಲಿ ದುಬಾರಿ ಆಟಗಾರರನ್ನು ತಂದು 2002ರಲ್ಲಿ ದೇಶದ ಪ್ರಶಸ್ತಿಯನ್ನೂ ಗೆದ್ದಿತು. ಅಷ್ಟರಲ್ಲಾಗಲೇ ಸ್ವಂತ ಕ್ರೀಡಾಂಗಣ ಕೈಬಿಡತೊಡಗಿತ್ತು. ಹೂಡಿಕೆದಾರರ ನಿಧಿಯೊಂದಕ್ಕೆ ಅದನ್ನು ಮಾರಿ ಬಾಡಿಗೆಗೆ ಹಿಂಪಡೆಯಲಾಯಿತು. 2003ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಬ್ರೂಗ್ ತಂಡದೆದುರು ಪೆನಾಲ್ಟಿ ಒದೆತಗಳಲ್ಲಿ ಸೋತು ಚಾಂಪಿಯನ್ಸ್ ಲೀಗಿನ ಪ್ರವೇಶ ತಪ್ಪಿದಾಗ, ಆ ಆದಾಯವನ್ನು ನಂಬಿದ್ದ ಮುಂಗಡಪತ್ರ ಕುಸಿಯಿತು. ಸಾಲ ಹತ್ತು ಕೋಟಿ ಯೂರೋ ದಾಟಿತು. ಷೇರಿನ ಬೆಲೆ ಮುಂದೆ ಒಂದು ಯೂರೋಗಿಂತಲೂ ಕೆಳಗಿಳಿಯಿತು.

ಇಲ್ಲಿಯವರೆಗೆ ಇದು ಲೀಡ್ಸ್‌ನ ಕಥೆಯೇ. ಊರು ಅದೇ, ಗಿರಾಕಿಗಳು ಅವರೇ. 80 ಸಾವಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಸಂಕಟದ ದಿನಗಳಲ್ಲಿಯೂ ಜನ ಬರುವುದು ನಿಲ್ಲಲಿಲ್ಲ. ಮಾಲಿಗೆ ಬೇಡಿಕೆ ಕುಗ್ಗಿರಲಿಲ್ಲ. ಕೆಟ್ಟದ್ದು ಹಣಕಾಸು ಮಾತ್ರ. ಮುಂದಿನ ದಾರಿ ಬೇರೆಯಾಯಿತು.

2005ರ ಫೆಬ್ರವರಿಯಲ್ಲಿ ಹಾನ್ಸ್-ಯೋಆಖಿಮ್ ವಾಟ್ಸ್ಕೆ ಆಡಳಿತ ವಹಿಸಿಕೊಂಡರು. ಅವರು ಫುಟ್‌ಬಾಲಿನ ತಾರೆಯಲ್ಲ. ಅಗ್ನಿಶಾಮಕ ಸಿಬ್ಬಂದಿ ಮತ್ತು ಅರಣ್ಯ ಕೆಲಸಗಾರರು ಧರಿಸುವ ರಕ್ಷಣಾ ಉಡುಪುಗಳನ್ನು ತಯಾರಿಸುವ ಉದ್ದಿಮೆಯನ್ನು ಕಟ್ಟಿದವರು, ಸಂಸ್ಥೆಯ ಖಜಾಂಚಿಯಾಗಿದ್ದವರು. ಹೊಸ ಆಡಳಿತ ಸಂಸ್ಥೆಯ ನಿಜಸ್ಥಿತಿಯನ್ನು ಬಹಿರಂಗಪಡಿಸಿತು. ಲೇಣಿದಾರರನ್ನೆಲ್ಲ ಒಂದೇ ಯೋಜನೆಯ ಮುಂದೆ ಕೂರಿಸಲಾಯಿತು. ಮಾರ್ಚ್ 14ರಂದು ಡ್ಯೂಸೆಲ್‌ಡಾರ್ಫ್ ವಿಮಾನ ನಿಲ್ದಾಣದ ಸಭಾಂಗಣದಲ್ಲಿ ಕ್ರೀಡಾಂಗಣದ ಒಡೆತನದ ನಿಧಿಯಲ್ಲಿ ಹಣ ಹೂಡಿದ್ದವರು ಸೇರಿ, ಬಾಡಿಗೆಯನ್ನು ಮುಂದೂಡುವುದಕ್ಕೆ ಒಪ್ಪಬೇಕೋ ಬೇಡವೋ ಎಂದು ಮತ ಹಾಕಿದರು. ಒಪ್ಪದಿದ್ದರೆ ಸಂಸ್ಥೆ ಅಲ್ಲಿಗೆ ಮುಗಿಯುತ್ತಿತ್ತು. ಒಪ್ಪಿದರು. ಇದರಲ್ಲಿ ಅದೃಷ್ಟದ ಪಾಲೂ ಇತ್ತೆಂಬುದನ್ನು ಅಲ್ಲಗಳೆಯಲಾಗದು.

ನಂತರದ ಮೂರು ವರ್ಷಗಳು ಬೇಸರದವು. ಸಂಬಳದ ಮೊತ್ತ ಇಳಿಯಿತು, ತಂಡ ಮಧ್ಯದಲ್ಲಿ ಹೊರಳಾಡಿತು. 2008ರಲ್ಲಿ ಹದಿಮೂರನೆಯ ಸ್ಥಾನ. ಕ್ರೀಡಾಂಗಣದ ಹೆಸರಿನ ಹಕ್ಕನ್ನು ಅದೇ ಊರಿನ ವಿಮಾ ಸಂಸ್ಥೆಗೆ ಕೊಟ್ಟು ಹಣ ಪಡೆಯಲಾಯಿತು. ಇವೆಲ್ಲಕ್ಕಿಂತ ಗಮನಾರ್ಹವಾದುದು 2006ರಲ್ಲಿ ತೆಗೆದುಕೊಂಡ 7.9 ಕೋಟಿ ಯೂರೋಗಳ ಹೊಸ ಸಾಲ. ಸಾಲದಲ್ಲಿ ಮುಳುಗಿದ್ದವರು ಮತ್ತೆ ಸಾಲವೇ ಎಂದು ಹುಬ್ಬೇರಿಸಬಹುದು. ಆದರೆ ಆ ಹಣದಿಂದ ಕ್ರೀಡಾಂಗಣವನ್ನು ಮರಳಿ ಕೊಳ್ಳಲಾಯಿತು. ಲೀಡ್ಸ್ ಟಿಕೆಟ್ಟಿನ ಹಣವನ್ನು ಒತ್ತೆಯಿಟ್ಟು ಆಟಗಾರರನ್ನು ತಂದಿತ್ತು. ಡಾರ್ಟ್‌ಮಂಡ್ ಸಾಲ ಮಾಡಿ, ಗೆದ್ದರೂ ಸೋತರೂ ಟಿಕೆಟ್ಟಿನ ಹಣ ತರುವ ಆಸ್ತಿಯನ್ನು ತಂದಿತು. ಎರಡೂ ಅಢಾವೆ ಪತ್ರಿಕೆಯ ಒಂದೇ ಬದಿಯಲ್ಲಿ ಸಾಲವೆಂದೇ ಕಾಣುತ್ತವೆ. ಡಾರ್ಟ್‌ಮಂಡ್‌ನ ಸಾಲವು 2008ರಲ್ಲಿ ಅವಧಿಗೆ ಮುನ್ನವೇ ತೀರಿತು.

ಆಟಗಾರರ ಖರೀದಿಯ ಕ್ರಮವೂ ಬದಲಾಯಿತು. 2010ರಲ್ಲಿ ಜಪಾನಿನ ಷಿಂಜಿ ಕಗಾವಾ ಬಂದದ್ದು ಕೇವಲ 3.5 ಲಕ್ಷ ಯೂರೋಗೆ, ಪೋಲೆಂಡಿನ ರಾಬರ್ಟ್ ಲೆವಾಂಡೊವ್ಸ್ಕಿ ಸುಮಾರು 45 ಲಕ್ಷಕ್ಕೆ. ಇಂಥವರೊಂದಿಗೆ, ತರಬೇತುದಾರ ಯೂರ್ಗನ್ ಕ್ಲಾಪ್ ಅವರ ಕೈಕೆಳಗೆ, 2011 ಮತ್ತು 2012ರಲ್ಲಿ ದೇಶದ ಪ್ರಶಸ್ತಿ ಮರಳಿ ಬಂತು. ಆ ಎರಡನೆಯ ಪ್ರಶಸ್ತಿಯ ಬೆನ್ನಿಗೇ ಕಗಾವಾನನ್ನು ಕೊಂಡ ಬೆಲೆಯ ನಲವತ್ತು ಪಟ್ಟಿಗೂ ಹೆಚ್ಚಿನ ಬೆಲೆಗೆ ಮಾರಲಾಯಿತು. ಅದನ್ನು ಕೊಡುಗೆಯೆಂದು ಎಣಿಸಿದರೇ ಹೊರತು ಅದರ ಮೇಲೆ ಮುಂದಿನ ವರ್ಷದ ಸಂಬಳವನ್ನು ಕಟ್ಟಲಿಲ್ಲ.

ಪ್ರತಿಸ್ಪರ್ಧಿಯ ಸಾಲ

ಡಾರ್ಟ್‌ಮಂಡ್‌ನ ಸಂಕಟದ ಕಾಲದಲ್ಲಿ ಅದರ ಅತಿದೊಡ್ಡ ಪ್ರತಿಸ್ಪರ್ಧಿಯಾದ ಬಯರ್ನ್ ಮ್ಯೂನಿಕ್ ಸಂಸ್ಥೆಯು ಸಂಬಳ ಬಟವಾಡೆಗೆಂದು 20 ಲಕ್ಷ ಯೂರೋ ಕೈಸಾಲ ಕೊಟ್ಟಿತ್ತು. ಈ ವಿಷಯವನ್ನು ಬಯರ್ನ್‌ನ ಉಲಿ ಹೋನೆಸ್ 2012ರಲ್ಲಿ ಬಹಿರಂಗಪಡಿಸಿದರು. ಎದುರಾಳಿಯೇ ಇಲ್ಲದ ಲೀಗಿಗೆ ಪ್ರೇಕ್ಷಕರು ಬರುವುದಿಲ್ಲ ಎಂಬುದು ಮಾಂಸದಂಗಡಿಯವರ ಮಗನಾಗಿ ಬೆಳೆದ ಆ ವ್ಯಾಪಾರಿಗೆ ತಿಳಿದಿರಲೇಬೇಕು. 1979ರಲ್ಲಿ 27ನೆಯ ವಯಸ್ಸಿಗೇ ಬಯರ್ನ್‌ನ ಆಡಳಿತ ವಹಿಸಿಕೊಂಡಾಗ ಆ ಸಂಸ್ಥೆಯೂ ಸಾಲದಲ್ಲಿತ್ತು. 1984ರಲ್ಲಿ ಕಾರ್ಲ್-ಹೈನ್ಸ್ ರುಮೆನಿಗೆ ಎಂಬ ಶ್ರೇಷ್ಠ ಆಟಗಾರನನ್ನು ಒಂದು ಕೋಟಿಗೂ ಹೆಚ್ಚು ಮಾರ್ಕಿಗೆ ಇಟಲಿಯ ತಂಡಕ್ಕೆ ಮಾರಿದಾಗ ಬಂದ ಹಣ ಹಳೆಯ ಸಾಲ ತೀರಿಸಲು ಹೋಯಿತು. ಅದೇ ಹೋನೆಸ್ 2014ರಲ್ಲಿ ಸ್ವಿಸ್ ಬ್ಯಾಂಕಿನ ಖಾಸಗಿ ಖಾತೆಯ ಸಂಬಂಧ 2.85 ಕೋಟಿ ಯೂರೋ ತೆರಿಗೆ ವಂಚನೆಗಾಗಿ ಮೂರೂವರೆ ವರ್ಷಗಳ ಸೆರೆವಾಸಕ್ಕೆ ಗುರಿಯಾದರು. ಅಪರಾಧ ಅಪರಾಧವೇ. ಆದರೆ ಅಧ್ಯಕ್ಷರು ಜೈಲಿಗೆ ಹೋದಾಗಲೂ ಸಂಸ್ಥೆಯ ವ್ಯವಹಾರ ಅಲುಗಲಿಲ್ಲ. ವ್ಯಕ್ತಿಯ ಖಾತೆ ಬೇರೆ, ಸಂಸ್ಥೆಯ ಖಾತೆ ಬೇರೆ ಇದ್ದವು. ಹೈದರಾಬಾದಿನಲ್ಲಿ ಒಡೆಯ ಕಂಪನಿಯ ಸಾಲವೇ ತಂಡವನ್ನು ನುಂಗಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮನೆಯ ಖರ್ಚು, ಅಂಗಡಿಯ ಖರ್ಚು, ಭಾವಮೈದುನನ ಇನ್ನೊಂದು ಉದ್ದಿಮೆಗೆ ಕೊಟ್ಟ ಜಾಮೀನು ಎಲ್ಲವೂ ಒಂದೇ ಕಿರ್ದಿಯಲ್ಲಿರುವ ಪಾಲುದಾರಿಕೆ ಸಂಸ್ಥೆಗಳು ಈ ಭಾಗವನ್ನು ಎರಡು ಬಾರಿ ಓದುವುದು ಲೇಸು.

ಸಾಧಾರಣ ವರ್ಷದ ಲೆಕ್ಕ

ಸಣ್ಣ ಉದ್ದಿಮೆಯಲ್ಲಿ ಚಾಂಪಿಯನ್ಸ್ ಲೀಗಿನ ಸ್ಥಾನದಲ್ಲಿರುವುದು ಒಂದು ದೊಡ್ಡ ರಫ್ತು ಆದೇಶ, ಅಥವಾ ದೊಡ್ಡ ಕಾರ್ಖಾನೆಯೊಂದು ಕೊಡುವ ಬಿಡಿಭಾಗಗಳ ಗುತ್ತಿಗೆ. ಒಂದು ವರ್ಷ ಅದು ಬಂದರೆ ಹೊಸ ಷೆಡ್ಡು, ಹೊಸ ಯಂತ್ರ, ಹೊಸ ಕೆಲಸಗಾರರು. ಮರುವರ್ಷ ಆದೇಶ ಬಾರದಿದ್ದರೂ ಕಂತು ಬಂದೇ ಬರುತ್ತದೆ.

ಇದನ್ನು ಪರೀಕ್ಷಿಸುವ ಬಗೆ ಸರಳ. ಕಳೆದ ಐದು ವರ್ಷಗಳ ಮಾರಾಟವನ್ನು ಬರೆದುಕೊಂಡು, ಮತ್ತೆ ಬರುವುದೆಂಬ ಲಿಖಿತ ಭರವಸೆಯಿಲ್ಲದ ದೊಡ್ಡ ಆದೇಶಗಳನ್ನೂ ನಿವೇಶನ ಅಥವಾ ಹಳೆಯ ಯಂತ್ರ ಮಾರಿ ಬಂದ ಲಾಭವನ್ನೂ ತೆಗೆದುಹಾಕಬೇಕು. ಉಳಿದ ಮಾರಾಟದ ಮೇಲೆ ಸಿಗುವ ಒಟ್ಟು ಲಾಭದಿಂದ ಸಂಬಳ, ಬಾಡಿಗೆ, ಬಡ್ಡಿ ಮತ್ತು ಅಸಲಿನ ಕಂತು ತುಂಬುತ್ತವೆಯೇ ಎಂದು ನೋಡಬೇಕು. ಅಸಲಿನ ಕಂತು ಲಾಭ-ನಷ್ಟದ ಖಾತೆಯಲ್ಲಿ ಕಾಣಿಸುವುದಿಲ್ಲವಾದ್ದರಿಂದ ಅದನ್ನು ಸೇರಿಸಲು ಮರೆಯುವವರೇ ಹೆಚ್ಚು. ತುಂಬದಿದ್ದರೆ ಆ ಸಂಸ್ಥೆ ಗೆಲುವನ್ನು ಮುಂಗಡವಾಗಿ ಖರ್ಚು ಮಾಡಿದೆ ಎಂದೇ ಅರ್ಥ.

ಯೂರೋಪಿನ ಫುಟ್‌ಬಾಲ್ ಒಕ್ಕೂಟ ಇಂಥದೇ ಅಳತೆಗೋಲನ್ನು ಈಗ ನಿಯಮವಾಗಿಸಿದೆ. ಅದರ ಸ್ಪರ್ಧೆಗಳಲ್ಲಿ ಆಡುವ ಸಂಸ್ಥೆಗಳು ತಂಡದ ಮೇಲಿನ ಖರ್ಚನ್ನು, ಅಂದರೆ ಸಂಬಳ, ಖರೀದಿ ಬೆಲೆಯ ವಾರ್ಷಿಕ ವಜಾ ಮತ್ತು ದಲ್ಲಾಳಿಗಳ ಶುಲ್ಕವನ್ನು, ಆದಾಯದ ಒಂದು ಪ್ರಮಾಣಕ್ಕೆ ಮಿತಿಗೊಳಿಸಬೇಕು. ಈ ಮಿತಿ 2023-24ರಲ್ಲಿ ಶೇಕಡಾ 90, ಮರುವರ್ಷ ಶೇಕಡಾ 80, 2025-26ರಿಂದ ಶೇಕಡಾ 70. ಖರೀದಿ ಬೆಲೆಯನ್ನು ಐದು ವರ್ಷಗಳಿಗಿಂತ ಹೆಚ್ಚು ಕಾಲ ಹಂಚಿ ತೋರಿಸುವುದಕ್ಕೂ ತಡೆ ಬಿದ್ದಿದೆ.

ಇಂಗ್ಲೆಂಡಿನ ಹಲವು ಸಂಸ್ಥೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತಂಡ ಕೆಳದರ್ಜೆಗೆ ಬಿದ್ದರೆ ಸಂಬಳ ಇಂತಿಷ್ಟು ಪಾಲು ತಾನಾಗಿ ಇಳಿಯತಕ್ಕದ್ದು ಎಂಬ ಷರತ್ತನ್ನು ಕರಾರಿನಲ್ಲಿಯೇ ಸೇರಿಸುತ್ತವೆ. ಷೆಡ್ಡಿನ ಭೋಗ್ಯಪತ್ರ, ಯಂತ್ರದ ಲೀಸು, ಸಾಗಾಣಿಕೆಯ ವಾರ್ಷಿಕ ಗುತ್ತಿಗೆ ಇವುಗಳಿಗೆ ಸಹಿ ಹಾಕುವ ಮುನ್ನ, ಮುಖ್ಯ ಆದೇಶ ನಿಂತುಹೋದಲ್ಲಿ ಮೂರು ತಿಂಗಳ ಸೂಚನೆಯ ಮೇಲೆ ಬಿಡುಗಡೆ ಎಂಬ ಒಂದು ಸಾಲನ್ನು ಕೇಳಿ ಬರೆಸಿಕೊಳ್ಳಬಹುದು. ಆದೇಶ ಕೈಯಲ್ಲಿರುವಾಗ ಕೇಳಿದರೆ ಎದುರಿನವರು ಒಪ್ಪುತ್ತಾರೆ. ಅದು ನಿಂತ ಮೇಲೆ ಒಪ್ಪುವುದಿಲ್ಲ.